ಬೆನ್ನಿನ ಗಾಳಿ ಮಷಿನ್: ಕಪ್ಪತಗುಡ್ಡದಾಗ ಹೆಂಗೈತಿ?

ಬೆನ್ನಿಗೆ ಹೊತ್ತು ಗಾಳಿ ಊದುವ ಬ್ಲೋವರಿಗೆ ನನ್ನ ಅಂಕ ಐದಕ್ಕೆ ಮೂರೂವರೆ. ಜನವರಿ ತಿಂಗಳಿಗಾದರೆ ಐದಕ್ಕೆ ಐದು, ಬೆಂಕಿ ಹತ್ತಿದ ದಿನಕ್ಕಾದರೆ ಎರಡು. ಕೂಡಿಸಿ ಭಾಗಿಸಿ ಮೂರೂವರೆ ಕೊಟ್ಟಿದ್ದೇನೆ. ಈ ಲೆಕ್ಕ ಹೀಗ್ಯಾಕೆ ಅಂತ ಹೇಳುವುದಕ್ಕೇ ಇಷ್ಟು ಉದ್ದ ಬರೆಯುತ್ತಿರುವುದು. ಬೇಸಿಗೆ ಹತ್ತಿರ ಬಂದಂತೆ ಶಿರಹಟ್ಟಿ, ಲಕ್ಷ್ಮೇಶ್ವರ, ಆಚೆ ಹಾವೇರಿ ಕಡೆಯ ಹುಡುಗರೆಲ್ಲ ಫೋನ್ ಮಾಡಿ, "ಅಣ್ಣಾರ, ಗುಡ್ಡದ ಬೆಂಕಿಗೆ ಬ್ಲೋವರ್ ತಗೊಂಡ್ರ ಹೆಂಗ್ರಿ?" ಅಂತ ಕೇಳುತ್ತಾರೆ. ಒಬ್ಬೊಬ್ಬರಿಗೂ ಬಾಯಿಪಾಠ ಒಪ್ಪಿಸಿ ಸಾಕಾಗಿದೆ. ಇನ್ನು ಮುಂದೆ ಇದನ್ನೇ ಕಳಿಸುತ್ತೇನೆ.

ನನ್ನದು ಮುಂಡರಗಿಯಲ್ಲಿ ಸಣ್ಣ ರಿಪೇರಿ ಅಂಗಡಿ. ಔಷಧ ಹೊಡೆಯುವ ಪಂಪು, ಹುಲ್ಲು ಕತ್ತರಿಸುವ ಬ್ರಷ್ ಕಟರ್, ಮರ ಕೊಯ್ಯುವ ಗರಗಸ, ಹೀಗೆ ಹಗ್ಗ ಎಳೆದು ಚಾಲೂ ಮಾಡುವ ಸಣ್ಣ ಎಂಜಿನ್ ಯಾವುದಿದ್ದರೂ ನನ್ನ ಮೇಜಿನ ಮೇಲೆ ಬಿಚ್ಚಿಕೊಂಡು ಬೀಳುತ್ತದೆ. ಹಾಗಾಗಿ ಈ ಬ್ಲೋವರನ್ನು ಬೆನ್ನಿಗೆ ಹೊತ್ತು ಗುಡ್ಡ ಹತ್ತಿದವನೂ ನಾನೇ, ಅದರ ಹೊಟ್ಟೆ ಬಗೆದು ನೋಡಿದವನೂ ನಾನೇ. ಕಂಪನಿ ಹೆಸರು ಬರೆಯುವುದಿಲ್ಲ. ಹೊಗಳಿದರೆ ಕಮಿಷನ್ ತಿಂದಿದ್ದಾನೆ ಅಂತೀರಿ, ತೆಗಳಿದರೆ ಅವರು ನೋಟಿಸು ಕಳಿಸುತ್ತಾರೆ. ಅಲ್ಲದೆ ಒಂದೇ ಕಾರ್ಖಾನೆಯ ಮಾಲಿಗೆ ನಾಲ್ಕು ಥರದ ಸ್ಟಿಕರ್ ಹಚ್ಚಿ ಮಾರುವ ಕಾಲ ಇದು. ಒಳಗಿನ ಪಿಸ್ಟನ್ನು, ರಿಂಗು, ಕಾರ್ಬೊರೇಟರ್ ಎಲ್ಲ ಅದಲು ಬದಲು ಕೂರುತ್ತವೆ. ಹೆಸರಿಗಿಂತ ಜಾತಿ ತಿಳಿದರೆ ಸಾಕು.

ಜಾತಿ ಇದು: ಶಾಲೆಯ ಚೀಲದ ಹಾಗೆ ಬೆನ್ನಿಗೆ ಏರಿಸುವಂಥದ್ದು, ಪೆಟ್ರೋಲಿನ ಟೂ ಸ್ಟ್ರೋಕ್, ಎಪ್ಪತ್ತು ಸಿಸಿ ಆಸುಪಾಸು. ಖಾಲಿ ಇದ್ದಾಗ ಹತ್ತು ಕೆ.ಜಿ. ಮೇಲೆ. ಟಾಕಿ ತುಂಬಿಸಿದರೆ ಇನ್ನೂ ಒಂದೂವರೆ ಕೆ.ಜಿ. ಬಲಗೈಗೆ ಒಂದು ಕೊಳವೆ, ಅದರ ಹಿಡಿಯಲ್ಲೇ ಎಕ್ಸಲೇಟರ್. ಮೂತಿಯಿಂದ ಹೊರಡುವ ಗಾಳಿಯ ವೇಗ ಗಂಟೆಗೆ 300 ಕಿ.ಮೀ.ಗೆ ಹತ್ತಿರ ಅಂತ ಡಬ್ಬಿಯ ಮೇಲೆ ಅಚ್ಚಾಗಿದೆ. ಮೂತಿಯ ಬಾಯಲ್ಲಿ ಅಷ್ಟು ಇದ್ದೀತು. ಎರಡು ಮಾರು ದೂರಕ್ಕೆ ಹೋಗುವಷ್ಟರಲ್ಲಿ ಅದು ಬರೀ ಜೋರು ಗಾಳಿ. ಪಟ್ಟಿ ಎತ್ತಿ ಕೊಂಡದ್ದು. ಗುಡ್ಡದ ಬುಡದ ಊರುಗಳ ಗೆಳೆಯರು, ನಮ್ಮ ಓಣಿಯವರು, ಒಬ್ಬ ಈರುಳ್ಳಿ ದಲಾಲರು, ಎಲ್ಲ ಸೇರಿ ಹಾಕಿದ ದುಡ್ಡು. ಚೌಕಾಸಿ ಮುಗಿದ ಮೇಲೆ ಹದಿನಾಲ್ಕು ಸಾವಿರ ಚಿಲ್ಲರೆಗೆ ಬಂತು. ಹೊರದೇಶದ ದೊಡ್ಡ ಕಂಪನಿಯದು ಇದರ ಮೂರು ಪಟ್ಟು.

ಅಂಗಡಿ ಹುಬ್ಬಳ್ಳಿಯದು. ಕೃಷಿ ಯಂತ್ರ ಮಾರುವವರು, ಮಾತಿಗೆ ಬರ ಇಲ್ಲ. ಕೌಂಟರಿನ ಹುಡುಗ ಮಷಿನ್ ಚಾಲೂ ಮಾಡಿ, ಚಹಾ ಕುಡಿದು ಒಗೆದ ಕಾಗದದ ಕಪ್ಪನ್ನು ರಸ್ತೆಯ ಆಚೆ ದಂಡೆಗೆ ಹಾರಿಸಿ ತೋರಿಸಿದ. ನಮ್ಮ ಜೊತೆಗೆ ಬಂದಿದ್ದ ಹುಡುಗರ ಕಣ್ಣು ಅರಳಿತು. "ಬೆಂಕಿನೂ ಆರಸ್ತೈತ್ರಿ ಸರ್, ಫೂ ಅಂದ್ರ ಆತು" ಅಂತ ಒಂದು ಮಾತು ಸೇರಿಸಿದ. ಆ ಮಾತಿಗೇ ನಾನು ಒಂದೂವರೆ ಅಂಕ ಕಡಿದದ್ದು. ಉಳಿದಂತೆ ಅಂಗಡಿಯ ಮೇಲೆ ದೂರಿಲ್ಲ. ಬಿಲ್ ಕೊಟ್ಟರು, ಒಂದು ಪ್ಲಗ್ಗು, ಸ್ಟಾರ್ಟರ್ ಹಗ್ಗ, ಎಣ್ಣೆ ಅಳೆಯುವ ಬಾಟಲಿ ಪುಕ್ಕಟೆ ಕೊಟ್ಟರು. ಬಿಡಿಭಾಗ ಕೇಳಿದರೆ ಬಸ್ಸಿಗೆ ಹಾಕಿ ಕಳಿಸುತ್ತಾರೆ. ಕನ್ನಡದಲ್ಲಿ ಒಂದು ಕೈಪಿಡಿ ಕೊಟ್ಟಿದ್ದರೆ ಚೆನ್ನಾಗಿತ್ತು. ಕೊಟ್ಟದ್ದು ಚೀನೀ ಮತ್ತು ಇಂಗ್ಲಿಷ್. ಅದರಲ್ಲಿ ಇಂಗ್ಲಿಷೂ ಚೀನೀ ಥರಾನೇ ಇತ್ತು.

ಇನ್ನು ಗುಡ್ಡದ ವಿಷಯ. ಇದು ಗೊತ್ತಿಲ್ಲದಿದ್ದರೆ ಮಷಿನ್ನಿನ ಗುಣ ದೋಷ ತಿಳಿಯುವುದಿಲ್ಲ.

ಗದಗದ ಬಿಂಕದಕಟ್ಟಿ ಕಡೆಯಿಂದ ಹಿಡಿದು ಮುಂಡರಗಿ ತಾಲ್ಲೂಕಿನ ಸಿಂಗಟಾಲೂರಿನವರೆಗೆ ಹಬ್ಬಿದ ಸಾಲು ಈ ಕಪ್ಪತಗುಡ್ಡ. ಮಲೆನಾಡಿನವರು ಬಂದು ನೋಡಿದರೆ "ಇದೇನು ಕಾಡು?" ಅಂತಾರೆ. ಮರ ಕಡಿಮೆ, ಕುರುಚಲು ಮತ್ತು ಹುಲ್ಲು ಜಾಸ್ತಿ. ದಿಂಡಿಗ, ಮುತ್ತಗ, ತುಗ್ಗಲಿ, ಕಾರೆ, ಕವಳೆ. ಇದರಲ್ಲೇ ತೋಳ, ಕತ್ತೆಕಿರುಬ, ಚಿರತೆ, ಕೊಂಡುಕುರಿ ಬದುಕಿವೆ. ಔಷಧದ ಗಿಡಗಳಿಗಂತೂ ಹೆಸರುವಾಸಿ. ಗಣಿಯವರ ಕಣ್ಣು ಬಿದ್ದು, ಜನ ಬೀದಿಗಿಳಿದು, ಗದಗಿನ ತೋಂಟದಾರ್ಯ ಮಠದ ಹಿಂದಿನ ಸ್ವಾಮಿಗಳು ಮುಂದೆ ನಿಂತು ಹೋರಾಡಿ, ಸಂರಕ್ಷಿತ ಪ್ರದೇಶ ಅಂತ ಘೋಷಣೆಯಾಗಿ, ಅದನ್ನು ವಾಪಸ್ ತೆಗೆದು, 2017ರಲ್ಲಿ ಮತ್ತೆ ಕೊಟ್ಟು, ಕೊನೆಗೆ 2019ರಲ್ಲಿ 244 ಚದರ ಕಿ.ಮೀ. ವನ್ಯಜೀವಿ ಧಾಮ ಆಯಿತು. ಇಷ್ಟೆಲ್ಲ ಹೋರಾಡಿ ಗಣಿಯಿಂದ ಉಳಿಸಿಕೊಂಡ ಗುಡ್ಡವನ್ನು ವರ್ಷಾ ವರ್ಷ ಒಂದು ಬೆಂಕಿಕಡ್ಡಿ ಸುಡುತ್ತದೆ. ಫೆಬ್ರುವರಿಯಿಂದ ಏಪ್ರಿಲ್ ತನಕ ಮುಂಡರಗಿ ರಸ್ತೆಯಲ್ಲಿ ರಾತ್ರಿ ಬಸ್ಸಿನಲ್ಲಿ ಹೋಗುವವರಿಗೆ ಗುಡ್ಡದ ಮೇಲೆ ಕೆಂಪು ಗೆರೆ ಕಾಣುತ್ತಲೇ ಇರುತ್ತದೆ. ಹೊಸಬರು ಫೋಟೊ ತೆಗೆಯುತ್ತಾರೆ.

ಸುಡುವುದು ಮುಖ್ಯವಾಗಿ ಹುಲ್ಲು. ನಾವು ಬಾದೆ ಹುಲ್ಲು ಅನ್ನುತ್ತೇವೆ. ಹಿಂದೆ ಗುಡಿಸಲಿಗೆ ಹೊದಿಸಲು ಜನ ಕೊಯ್ದು ತರುತ್ತಿದ್ದರು, ಈಗ ಎಲ್ಲರ ಮನೆಗೂ ತಗಡು. ಹಾಗಾಗಿ ಕೊಯ್ಯುವವರಿಲ್ಲದೆ ಆಳೆತ್ತರ ಬೆಳೆದು, ಸಂಕ್ರಾಂತಿ ಹೊತ್ತಿಗೆ ಒಣಗಿ ನಿಂತಿರುತ್ತದೆ. ಅದಕ್ಕೆ ಯಾರು ಕಡ್ಡಿ ಗೀರುತ್ತಾರೆ ಅಂತ ಕೇಳಿದರೆ ಕುರಿಯವರು ಜೇನಿನವರತ್ತ ಬೆರಳು ತೋರಿಸುತ್ತಾರೆ, ಜೇನಿನವರು ಬೀಡಿ ಸೇದುವವರತ್ತ. ಸುಟ್ಟರೆ ಮೊದಲ ಮಳೆಗೆ ಎಳೆ ಹುಲ್ಲು ಚಿಗುರುತ್ತದೆ ಅನ್ನುವುದು ಹಳೆಯ ನಂಬಿಕೆ. ಚಿಗುರುವುದು ನಿಜ ಕೂಡ. ಆದರೆ ಬೇಗ ಚಿಗುರುವುದು ಬೇರು ಗಟ್ಟಿ ಇರುವ ಬಾದೆಯೇ. ಕುರಿ ಇಷ್ಟಪಡುವ ಸಣ್ಣ ಹುಲ್ಲಿನ ಬೀಜ ನೆಲದ ಮೇಲೇ ಸುಟ್ಟು ಹೋಗಿರುತ್ತದೆ. ಅಭಯಾರಣ್ಯದಲ್ಲಿ ಬೆಂಕಿ ಹಚ್ಚುವುದು 1972ರ ವನ್ಯಜೀವಿ ಕಾಯ್ದೆಯ 30ನೇ ಕಲಮಿನ ಪ್ರಕಾರ ಅಪರಾಧ. ಹಚ್ಚಿದವನು ಬೆಂಕಿ ಕಾಣಿಸಿಕೊಳ್ಳುವ ಹೊತ್ತಿಗೆ ಮನೆಯಲ್ಲಿ ರೊಟ್ಟಿ ತಿನ್ನುತ್ತಿರುತ್ತಾನೆ, ಹಿಡಿಯುವುದೆಲ್ಲಿಂದ?

ಈಗ ಮಷಿನ್ ಕಡೆ ಬರೋಣ.

ಜನವರಿ ಕೆಲಸ ಅಂದರೆ ಬೆಂಕಿ ಲೈನ್. ಹುಲ್ಲು, ತರಗು ಏನೂ ಇಲ್ಲದ ಒಂದು ಬೋಳು ದಾರಿ. ಬೆಂಕಿ ಅಲ್ಲಿಗೆ ಬಂದು ತಿನ್ನಲು ಏನೂ ಸಿಗದೆ ನಿಲ್ಲಬೇಕು. ಅರಣ್ಯ ಇಲಾಖೆಯವರು ಇದನ್ನು ಮೊದಲಿಂದಲೂ ಮಾಡುತ್ತಾರೆ. ಬುಡದ ಊರುಗಳ ಕಡೆಯ ಅಂಚಿನಲ್ಲಿ ಅವರ ಗಾರ್ಡು, ವಾಚರುಗಳ ಜೊತೆಗೆ ನಾವು ಹೋಗುತ್ತೇವೆ. ನಮ್ಮಷ್ಟಕ್ಕೆ ನಾವು ಹೋಗುವ ಹಾಗಿಲ್ಲ, ಹೋಗಲೂ ಬಾರದು. ಹಳೆಯ ಪದ್ಧತಿಯಲ್ಲಿ ಕುಡಗೋಲು, ಸಲಿಕೆ, ಕಸಬರಿಗೆ. ಗುಂಪು ಕಟ್ಟಿಕೊಂಡು ಹೋದರೂ ಹೊತ್ತು ಮುಳುಗುವಷ್ಟರಲ್ಲಿ ಬೆನ್ನು ಬಿದ್ದುಹೋಗುತ್ತಿತ್ತು, ಲೈನ್ ಮಾತ್ರ ಅಲ್ಲೇ ಕಣ್ಣಳತೆಯಲ್ಲೇ ಮುಗಿದಿರುತ್ತಿತ್ತು.

ಬ್ಲೋವರ್ ಬಂದ ಮೇಲೆ ಈ ಲೆಕ್ಕ ಬದಲಾಗಿದೆ. ಆದರೆ ಒಂದು ಷರತ್ತು: ಮುಂದೆ ಬ್ರಷ್ ಕಟರ್ ಇರಬೇಕು. ನಿಂತ ಬಾದೆಗೆ ಬ್ಲೋವರ್ ಹಿಡಿದರೆ ಅದು ಬಾಗಿ ಏಳುತ್ತದೆ ಅಷ್ಟೆ. ಮೊದಲು ಕಟರಿನವನು ಬುಡಕ್ಕೆ ಕೊಯ್ದು ಕೆಡವಬೇಕು, ಹಿಂದಿನಿಂದ ಇಬ್ಬರು ದೊಡ್ಡ ಕಟ್ಟನ್ನು ಎಳೆದು ಊರ ಕಡೆಗೆ ಹಾಕಬೇಕು, ಅವರ ಹಿಂದೆ ಬ್ಲೋವರ್. ಉಳಿದ ಚೂರು ಪಾರು, ಮುತ್ತಗದ ಅಗಲ ಎಲೆ, ದಿಂಡಿಗದ ತರಗು, ಕುರಿ ಹಿಕ್ಕೆ, ಎಲ್ಲ ಹಾರಿಹೋಗಿ ಕೆಂಪು ನೆಲ ಕಾಣುತ್ತದೆ. ನೋಡಲು ಅಂಗಳ ಗುಡಿಸಿ ಇಟ್ಟಂತೆ. ಮರದಡಿಯ ತರಗಿನಲ್ಲಂತೂ ಇದಕ್ಕೆ ಎದುರಿಲ್ಲ. ಕಸಬರಿಗೆ ಹಿಡಿದ ಎಂಟು ಜನ ಮಾಡುವಷ್ಟನ್ನು ಒಬ್ಬನೇ ನಡೆಯುತ್ತ ನಡೆಯುತ್ತ ಮಾಡುತ್ತಾನೆ.

ಕೊಳವೆ ಹಿಡಿಯುವುದರಲ್ಲೇ ಅರ್ಧ ವಿದ್ಯೆ ಇದೆ. ಹುಡುಗರು ಮೊದಲು ಮೂತಿಯನ್ನು ನೆಲಕ್ಕೆ ನೇರ ಚುಚ್ಚುತ್ತಾರೆ. ಆಗ ಧೂಳು, ಹರಳು ಎದ್ದು ಮುಖಕ್ಕೇ ರಾಚುತ್ತದೆ. ನಮ್ಮ ಗುಡ್ಡದ ಕಲ್ಲು ತೆಳು ತೆಳು ಹಾಳೆಯಾಗಿ ಒಡೆಯುವ ಕಲ್ಲು, ಅಂಚು ಚೂಪು. ಕನ್ನಡಕ ಇಲ್ಲದೆ ಈ ಮಷಿನ್ ಹೊರಬೇಡಿ. ಮೂತಿ ನೆಲದಿಂದ ಒಂದು ಗೇಣು ಮೇಲಿರಬೇಕು, ಸ್ವಲ್ಪ ಓರೆಯಾಗಿರಬೇಕು, ತರಗಿನ ಅಡಿಗೆ ಗಾಳಿ ತೂರುವಂತಿರಬೇಕು. ಇಳಿಜಾರಿನಲ್ಲಿ ಮೇಲಿನಿಂದ ಕೆಳಕ್ಕೆ ಹಾರಿಸಬೇಕು. ಕೆಳಗಿನಿಂದ ಮೇಲಕ್ಕೆ ಹಾರಿಸಿದರೆ ಪೆಟ್ರೋಲೂ ಹೋಯ್ತು, ತರಗೂ ಮರಳಿ ಉರುಳಿ ಬಂತು. ಬೀಸುವ ಗಾಳಿಗೆ ಬೆನ್ನು ಕೊಟ್ಟು ನಡೆಯಬೇಕು.

ಇನ್ನೊಂದು ಮಾತು. ತರಗಿನ ಅಡಿ ಜೀವ ಇರುತ್ತದೆ. ಒಂದು ಸಲ ಎಲೆ ಹಾರಿದ ಜಾಗದಲ್ಲಿ ಅಂಗೈ ಅಗಲದ ನಕ್ಷತ್ರ ಆಮೆ ತಲೆ ಒಳಗೆ ಎಳೆದುಕೊಂಡು ಕೂತಿತ್ತು. ಚಿಪ್ಪಿನ ಮೇಲೆ ಹಳದಿ ಗೆರೆ, ಒಂದು ಬದಿ ಹಳೆಯ ಸುಟ್ಟ ಕಲೆ. ಆ ಭಾಗದಲ್ಲಿ ಗೆರೆ ಅಳಿಸಿ, ಚಿಪ್ಪು ಕರಕಲಾಗಿ, ಮೇಲಿನ ಪದರ ಎದ್ದಿತ್ತು. ಹಿಂದಿನ ಯಾವುದೋ ಬೇಸಿಗೆಯ ಬೆಂಕಿ ದಾಟಿ ಬದುಕಿದ್ದು. ಗಾರ್ಡು ಅದನ್ನು ಎತ್ತಿ ಲೈನಿನ ಒಳಬದಿ ಬಿಡುವುದೋ ಹೊರಬದಿ ಬಿಡುವುದೋ ಅಂತ ಒಂದು ಗಳಿಗೆ ನಿಂತರು. ಒಳಗೆ ಬಿಟ್ಟರೆ ಬೆಂಕಿ, ಹೊರಗೆ ಬಿಟ್ಟರೆ ಊರ ನಾಯಿ. ಒಳಗೇ ಬಿಟ್ಟರು.

ಇಷ್ಟು ಜನವರಿಯ ಕಥೆ. ಐದಕ್ಕೆ ಐದು, ಎರಡನೇ ಮಾತಿಲ್ಲ.

ಬೆಂಕಿ ದಿನದ್ದು ಬೇರೆ. ಒಂದು ಮಾರ್ಚ್ ಸಂಜೆಯದನ್ನು ಹೇಳುತ್ತೇನೆ. ಮಧ್ಯಾಹ್ನವೇ ಹೊಗೆ ಎದ್ದಿತ್ತು, ಆದರೆ ಆ ಬಿಸಿಲಲ್ಲಿ, ಆ ಗಾಳಿಯಲ್ಲಿ ಹತ್ತಿರ ಹೋಗುವಂತಿರಲಿಲ್ಲ. ಇಳಿಜಾರು ಏರಿದಷ್ಟೂ ಬೆಂಕಿಯ ಓಟ ಜೋರು. ಹತ್ತು ಡಿಗ್ರಿ ಏರು ಹೆಚ್ಚಾದರೆ ವೇಗ ಸುಮಾರು ಎರಡು ಪಟ್ಟು ಅಂತ ಲೆಕ್ಕ. ಮೇಲಿನ ಹುಲ್ಲು ಜ್ವಾಲೆ ತಾಗುವ ಮೊದಲೇ ಕಾದು ತಯಾರಾಗಿರುತ್ತದೆ. ಅದಕ್ಕೇ ಬೆಂಕಿಯ ಮೇಲ್ಬದಿಗೆ ಯಾವತ್ತೂ ನಿಲ್ಲಬಾರದು. ಸಂಜೆ ಗಾಳಿ ತಗ್ಗಿದ ಮೇಲೆ ಗಾರ್ಡು ಹೂಂ ಅಂದರು, ಹತ್ತಿದೆವು.

ಮೊದಲ ಭಾಗ ಕುರಿ ಮೇಯ್ದ ಬಯಲು, ಜ್ವಾಲೆ ಮೊಣಕಾಲೆತ್ತರ. ಇಲ್ಲಿ ಮಷಿನ್ ನಿಜವಾಗಿ ಕೆಲಸ ಮಾಡಿತು. ಬೆಂಕಿಯ ಬದಿಯಿಂದ, ಸುಟ್ಟ ಜಾಗದ ಕಡೆಗೆ ಮುಖ ಮಾಡಿ ಗಾಳಿ ಹಿಡಿದರೆ ಜ್ವಾಲೆ ಹಿಂದಕ್ಕೆ ಮಲಗುತ್ತದೆ. ಹಿಂದೆ ಸುಡಲು ಏನೂ ಉಳಿದಿಲ್ಲವಾದ್ದರಿಂದ ಅಲ್ಲೇ ಸಾಯುತ್ತದೆ. ನನ್ನ ಹಿಂದೆ ಹಸಿ ಟೊಂಗೆ ಹಿಡಿದ ಇಬ್ಬರು ಉಳಿದ ಕಿಡಿಗಳನ್ನು ಬಡಿಯುತ್ತ ಬಂದರು. ಅವರ ಹಿಂದೆ ಒಬ್ಬ ಬ್ಯಾಟರಿ ಪಂಪಿನಿಂದ ನೀರು ಚಿಮ್ಮಿಸುತ್ತ ಬಂದ. ನಾಲ್ಕೇ ಜನ, ಒಂದು ದೊಡ್ಡ ಪಟ್ಟಿ ಸರಸರ ಆರಿಸಿಬಿಟ್ಟೆವು. ಹುಬ್ಬಳ್ಳಿಯ ಹುಡುಗನ ಮಾತು ದಿಟವೇ ಅನ್ನಿಸಿತು.

ಆಮೇಲೆ ಹಳ್ಳದ ಅಂಚು ಬಂತು. ಅಲ್ಲಿ ಬಾದೆ ಆಳೆತ್ತರ, ಜ್ವಾಲೆ ಅದಕ್ಕೂ ಮೇಲೆ. ನಾಲ್ಕು ಅಡಿ ಮೇಲಿನ ಜ್ವಾಲೆಯ ಎದುರು ಕೈಯಲ್ಲಿ ಹಿಡಿಯುವ ಯಾವ ಸಾಮಾನೂ ನಡೆಯುವುದಿಲ್ಲ ಅನ್ನುವುದು ಬೆಂಕಿ ಕೆಲಸದವರಿಗೆಲ್ಲ ಗೊತ್ತಿರುವ ಮಾತು. ನಾನು ಕೊಳವೆ ಎತ್ತಿದ್ದೇ ತಡ, ಜ್ವಾಲೆ ಮಲಗುವ ಬದಲು ಉಬ್ಬಿತು. ಗಾಳಿ ಬೆಂಕಿಗೆ ಊಟ. ಕಮ್ಮಾರನ ತಿದಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗಾರ್ಡು ಕೂಗಿದರು, ನನಗೆ ಕೇಳಲಿಲ್ಲ. ಕಿವಿಯ ಪಕ್ಕದಲ್ಲೇ ಟೂ ಸ್ಟ್ರೋಕ್ ಎಂಜಿನ್ ಪೂರ್ತಿ ಎಕ್ಸಲೇಟರಿನಲ್ಲಿ ಇದ್ದರೆ ಪಕ್ಕದವನ ಕೂಗು, ಸೀಟಿ ಯಾವುದೂ ಕೇಳುವುದಿಲ್ಲ. ಹೆಗಲು ಹಿಡಿದು ಎಳೆದರು. ಅಷ್ಟರಲ್ಲಿ ಪಕ್ಕದ ಊರಿನ ಒಂದು ಗುಂಪು ಸಣ್ಣ ಕೈ ಬ್ಲೋವರ್ ತಂದು, ಉತ್ಸಾಹದಲ್ಲಿ ತಪ್ಪು ಕಡೆಯಿಂದ ಹಿಡಿದಿತ್ತು. ಕೆಂಡದ ಚೂರುಗಳು ನಮ್ಮ ತಲೆಯ ಮೇಲಿಂದ ಹಾರಿ ಹಿಂದಿನ ಮುತ್ತಗದ ತರಗಿಗೆ ಬಿದ್ದವು. ಒಂದು ಬೆಂಕಿ ಆರಿಸಲು ಹೋಗಿ ಬೆನ್ನ ಹಿಂದೆ ಇನ್ನೊಂದು ಎದ್ದಿತು.

ಆಗ "ಕಪ್ಪಿಗೆ ಬರ್ರೀ, ಕಪ್ಪಿಗೆ" ಅಂತ ಕೈ ಬೀಸಿ ಕರೆದರು. ಅಂದರೆ ಸುಟ್ಟು ಕರಿಯಾದ ಜಾಗಕ್ಕೆ ಓಡಿ. ಅಲ್ಲಿ ಮತ್ತೆ ಸುಡಲು ಏನೂ ಇಲ್ಲ, ಜೀವಕ್ಕೆ ಮೋಸವಿಲ್ಲ. ಎಲ್ಲರೂ ಓಡಿದರು. ನಾನು ಬೆನ್ನ ಮೇಲೆ ಹತ್ತು ಹನ್ನೊಂದು ಕೆ.ಜಿ., ಅದರಲ್ಲಿ ಅರ್ಧ ಟಾಕಿ ಪೆಟ್ರೋಲು, ಹೊತ್ತುಕೊಂಡು ಓಡಿದೆ. ಎದೆ ಪಟ್ಟಿಯ ಬಕಲ್ ಬಿಚ್ಚಲು ನೋಡಿದರೆ ಅದು ಒಂದೇ ಕೈಗೆ ಬಿಚ್ಚುವಂಥದ್ದಲ್ಲ, ಬೆಲ್ಟನ್ನು ಕೊಂಡಿಯಿಂದ ಹಿಂದಕ್ಕೆ ತೂರಿಸಿ ತೆಗೆಯಬೇಕು. ಬೆವರಿನ ಕೈಗೆ ಅದು ಸಿಗಲೇ ಇಲ್ಲ. ಈ ಮಷಿನ್ನಿನ ಅತಿ ದೊಡ್ಡ ದೋಷ ಯಾವುದು ಅಂತ ಯಾರಾದರೂ ಕೇಳಿದರೆ ನಾನು ಎಂಜಿನ್ ಹೆಸರು ಹೇಳುವುದಿಲ್ಲ, ಈ ಬಕಲ್ ಹೇಳುತ್ತೇನೆ. ಮರುದಿನವೇ ಅದನ್ನು ಕಿತ್ತು, ಹೆಲ್ಮೆಟ್ಟಿಗೆ ಇರುತ್ತದಲ್ಲ, ಒತ್ತಿದರೆ ಚಟ್ಟನೆ ಬಿಚ್ಚುವ ಕೊಂಡಿ, ಅದನ್ನು ಹೊಲಿಸಿದೆ. ನಮ್ಮ ಚಪ್ಪಲಿ ಹೊಲಿಯುವ ಯಜಮಾನರು ಮೂವತ್ತು ರೂಪಾಯಿ ತೆಗೆದುಕೊಂಡರು. ಹದಿನಾಲ್ಕು ಸಾವಿರದ ಮಷಿನ್ನಿಗೆ ಕಂಪನಿಯವರು ಆ ಮೂವತ್ತು ರೂಪಾಯಿ ಉಳಿಸಿದ್ದಾರೆ.

ಹೊಸ ಬೆಂಕಿಯನ್ನು ಹಾಗೂ ಹೀಗೂ ಟೊಂಗೆ, ನೀರಿನಲ್ಲೇ ಹಿಡಿದರು. ಹಳ್ಳದ ಅಂಚಿನದು ರಾತ್ರಿಯೆಲ್ಲ ಉರಿದು, ಮೇಲೆ ಜನವರಿಯಲ್ಲಿ ತೆಗೆದ ಲೈನಿಗೆ ಬಂದು ನಿಂತಿತು. ಅಲ್ಲಿ ಯಾರೂ ಇರಲಿಲ್ಲ, ಮಷಿನ್ನೂ ಇರಲಿಲ್ಲ. ನಮ್ಮ ಜೊತೆ ಬಂದಿದ್ದ ಒಬ್ಬ ಕುರಿಗಾಹಿ ಅಜ್ಜ ಮಾರನೇ ದಿನ ಅದನ್ನು ನೋಡಿ, "ಬೆಂಕಿ ಬಿದ್ದಾಗ ಬಾವಿ ತೋಡಾಕ ಹೋಗ್ತೀರಿ, ತೋಡಿದ ಬಾವಿನ ಬೆಂಕಿ ಆರಿಸೈತಿ ನೋಡ್ರಿ" ಅಂದ.

ಎರಡು ಅಂಕ ಯಾಕೆ ಅಂತ ಈಗ ತಿಳಿಯಿತಲ್ಲ.

ದೊಡ್ಡ ಬೆಂಕಿಯಾದರಂತೂ ಈ ಮಷಿನ್ನಿನ ಮಾತೇ ಎತ್ತಬೇಡಿ. 2019ರ ಫೆಬ್ರುವರಿಯಲ್ಲಿ ಬಂಡೀಪುರದಲ್ಲಿ ಸುಮಾರು 4,400 ಹೆಕ್ಟೇರ್ ಸುಟ್ಟಾಗ ವಾಯುಪಡೆಯ ಹೆಲಿಕಾಪ್ಟರುಗಳು ಬಕೆಟ್ಟಿನಲ್ಲಿ ಕೆರೆಯ ನೀರು ತುಂಬಿಕೊಂಡು ಬಂದು ಸುರಿಯಬೇಕಾಯಿತು. ಅದಕ್ಕೂ ಎರಡು ವರ್ಷ ಮೊದಲು, 2017ರಲ್ಲಿ, ಅದೇ ಬಂಡೀಪುರದ ಕಲ್ಕೆರೆ ವಲಯದಲ್ಲಿ ಬೆಂಕಿ ಆರಿಸಲು ಹೋದ ಅರಣ್ಯ ರಕ್ಷಕರೊಬ್ಬರು ಪ್ರಾಣ ಕಳೆದುಕೊಂಡರು. ಅವರದು ನೌಕರಿ, ತರಬೇತಿ ಇದ್ದವರು. ನಾವು ಪಟ್ಟಿ ಎತ್ತಿ ಮಷಿನ್ ಕೊಂಡವರು. ವಿಡಿಯೊ ಮಾಡಿ ಹಾಕುವ ಹುಮ್ಮಸ್ಸಿನ ಹುಡುಗರು ಇದೊಂದನ್ನು ಎರಡು ಸಲ ಓದಿಕೊಳ್ಳಿ.

ಅಂದ ಹಾಗೆ ಮೊಬೈಲಿಗೆ ಬರುವ ಉಪಗ್ರಹದ ಬೆಂಕಿ ಸಂದೇಶದ ಬಗ್ಗೆಯೂ ಕೇಳುತ್ತಾರೆ. ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆಯಲ್ಲಿ ನೋಂದಾಯಿಸಿಕೊಂಡರೆ ಪುಕ್ಕಟೆ ಬರುತ್ತದೆ. ವಿಐಐಆರ್‌ಎಸ್ ಅನ್ನುವ ಉಪಕರಣ ಹೊತ್ತ ಉಪಗ್ರಹಗಳು ಹೆಚ್ಚು ಕಡಿಮೆ ಮಧ್ಯಾಹ್ನ ಒಂದೂವರೆ, ನಡುರಾತ್ರಿ ಕಳೆದು ಒಂದೂವರೆ ಹೊತ್ತಿಗೆ ನಮ್ಮ ಮೇಲೆ ಹಾದುಹೋಗುತ್ತವೆ. ಅವುಗಳ ಒಂದು ಚುಕ್ಕೆ ಅಂದರೆ ನೆಲದ ಮೇಲೆ 375 ಮೀಟರಿನ ಚೌಕ, ಹತ್ತಿರ ಹತ್ತಿರ 35 ಎಕರೆ. ಆ 35 ಎಕರೆಯಲ್ಲಿ ಉರಿಯುತ್ತಿರುವುದು ಗುಡ್ಡದ ಹುಲ್ಲೋ, ಅಂಚಿನ ಹೊಲದವರು ರಾಶಿ ಹಾಕಿ ಸುಡುತ್ತಿರುವ ಹತ್ತಿ ಕಟ್ಟಿಗೆಯೋ, ಮೇಲಿನಿಂದ ಹೇಗೆ ತಿಳಿಯಬೇಕು? ಉಪಗ್ರಹ ಹೋದ ಮೇಲೆ ಮೂರು ಗಂಟೆಗೆ ಹಚ್ಚಿದ ಬೆಂಕಿ ರಾತ್ರಿಯವರೆಗೆ ಅದಕ್ಕೆ ಕಾಣುವುದೂ ಇಲ್ಲ. ಎಲ್ಲಿ ಎಷ್ಟು ಸಲ ಬೆಂಕಿ ಬಿತ್ತು ಅಂತ ಲೆಕ್ಕ ಇಡಲು, ಮುಂದಿನ ಲೈನ್ ಎಲ್ಲಿ ತೆಗೆಯಬೇಕು ಅಂತ ಗೊತ್ತು ಮಾಡಲು ಬಹಳ ಒಳ್ಳೆಯದು. ಓಡಿ ಹೋಗಲು ಮಾತ್ರ ಗುಡ್ಡದ ಬುಡದ ಹೋಟೆಲಿನವರ ಫೋನೇ ಬೇಗ. ಹೊಗೆ ಕಂಡರೆ ಅರಣ್ಯ ಇಲಾಖೆಯ 1926ಕ್ಕೆ ಮೊದಲು ಹೇಳಿ, ಆಮೇಲೆ ಗೆಳೆಯರಿಗೆ.

ಇನ್ನು ಮೆಕ್ಯಾನಿಕ್ ಆಗಿ ನಾಲ್ಕು ಮಾತು.

ಎಂಜಿನ್ ಕೆಟ್ಟದ್ದಲ್ಲ. ಎರಡು ಮೂರು ಎಳೆತಕ್ಕೆ ಚಾಲೂ ಆಗುತ್ತದೆ. ಬಿಸಿ ಇದ್ದಾಗ ಚೋಕ್ ಹಾಕಿ ಎಳೆದರೆ ಮಾತ್ರ ಪೆಟ್ರೋಲು ತುಂಬಿ ಪ್ಲಗ್ ಒದ್ದೆಯಾಗುತ್ತದೆ, ಹುಡುಗರು ಇಲ್ಲೇ ಎಡವುತ್ತಾರೆ. ಎಣ್ಣೆ ಲೆಕ್ಕ: ನಮ್ಮದಕ್ಕೆ ಲೀಟರಿಗೆ 40 ಮಿ.ಲೀ. ಟೂ ಸ್ಟ್ರೋಕ್ ಎಣ್ಣೆ. ದುಬಾರಿ ಮಷಿನ್ನುಗಳಿಗೆ, ಅವುಗಳದೇ ಎಣ್ಣೆ ಹಾಕಿದರೆ, 20 ಸಾಕು. ಬೈಕಿನ ಎಂಜಿನ್ ಆಯಿಲ್ ಸುರಿದುಕೊಂಡು ಬಂದು ನನ್ನ ಮುಂದೆ ಅಳಬೇಡಿ. ಪೂರ್ತಿ ಎಕ್ಸಲೇಟರಿನಲ್ಲಿ ಒಂದು ಟಾಕಿ ಒಂದು ಗಂಟೆ ದಾಟುವುದಿಲ್ಲ. ಅರ್ಧ ಎಕ್ಸಲೇಟರಿನಲ್ಲೇ ಒಣ ತರಗು ಹಾರುತ್ತದೆ, ಸುಮ್ಮನೆ ಕಿರುಚಿಸಬೇಡಿ.

ಏರ್ ಫಿಲ್ಟರ್ ದೊಡ್ಡ ತಲೆನೋವು. ಲೈನ್ ಕೆಲಸದಲ್ಲಿ ಕೆಂಪು ಧೂಳು, ಬೆಂಕಿ ಕೆಲಸದಲ್ಲಿ ಬೂದಿ. ಧೂಳನ್ನು ತಟ್ಟಿದರೆ ಹೋಗುತ್ತದೆ. ಬೂದಿ ಹಾಗಲ್ಲ, ಎಣ್ಣೆ ಹಚ್ಚಿದ ಸ್ಪಂಜಿನೊಳಗೆ ಸೇರಿ ಕರಿ ಹಿಟ್ಟಾಗಿ ಕಲಸಿಕೊಳ್ಳುತ್ತದೆ. ಆ ಮಾರ್ಚ್ ಸಂಜೆಯ ಮರುದಿನ ಮುಚ್ಚಳ ತೆಗೆದು ನೋಡಿದರೆ ಸ್ಪಂಜಿನ ಬಣ್ಣವೇ ಗೊತ್ತಾಗಲಿಲ್ಲ. ಹಿಂಡಿದಾಗ ಕಾಡಿಗೆ ಇಳಿಯಿತು, ಅದರಲ್ಲಿ ಒಂದು ಸುಟ್ಟ ಹುಲ್ಲಿನ ತೆನೆ ಇಡಿಯಾಗಿ ಸಿಕ್ಕಿತು. ಫಿಲ್ಟರ್ ಕಟ್ಟಿದರೆ ಎಂಜಿನ್ನಿಗೆ ಉಸಿರಾಟ ಸಾಲದೆ ಪೆಟ್ರೋಲು ಜಾಸ್ತಿ ಕುಡಿದು ಹೊಗೆ ಬಿಡುತ್ತದೆ. ಪಕ್ಕದವರು ಅದನ್ನು "ಎಂಜಿನ್ ಹೋತು" ಅಂತ ಸುದ್ದಿ ಮಾಡುತ್ತಾರೆ. ಹೋಗಿರುವುದಿಲ್ಲ. ಸೋಪಿನ ನೀರಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ, ಎರಡು ಹನಿ ಎಣ್ಣೆ ಹಚ್ಚಿ ಕೂರಿಸಿ. ಒಂದು ಹೆಚ್ಚಿನ ಸ್ಪಂಜು ಜೇಬಲ್ಲಿರಲಿ.

ಬೆನ್ನ ಗಾದಿ ತೆಳ್ಳಗಿದೆ, ನಡುಕ ಬೆನ್ನುಮೂಳೆಗೇ ಬರುತ್ತದೆ. ಅರ್ಧ ಗಂಟೆಗೊಬ್ಬರು ಬದಲಾಗಬೇಕು. ನಾವು ಹಳೆಯ ಕೌದಿಯ ತುಂಡನ್ನು ನಾಲ್ಕು ಮಡಿಕೆ ಮಾಡಿ ಹೊಲಿಸಿದ್ದೇವೆ. ಕಿವಿಗೆ ಮುಚ್ಚಳ ಕಡ್ಡಾಯ, ಆದರೆ ಬೆಂಕಿಯ ಹತ್ತಿರ ಕಿವಿ ಮುಚ್ಚಿದವನಿಗೆ ಒಬ್ಬ ಜೊತೆಗಾರ ಕಡ್ಡಾಯ. ಅವನು ಮಷಿನ್ನಿಗೆ ಕಟ್ಟಿದ ಒಂದು ಮೊಳ ಬೆಲ್ಟನ್ನು ಹಿಡಿದೇ ನಡೆಯುತ್ತಾನೆ. ಒಂದು ಜಗ್ಗಿದರೆ ನಿಲ್ಲು, ಎರಡು ಜಗ್ಗಿದರೆ ಬಂದ್ ಮಾಡಿ ಹಿಂದೆ ಬಾ. ಪೆಟ್ರೋಲು ತುಂಬುವುದು ಬೆಂಕಿಯಿಂದ ದೂರ, ಮಷಿನ್ ಇಳಿಸಿ, ಅದರ ಬಿಸಿ ಆರಿದ ಮೇಲೆ ಮಾತ್ರ. ನೈಲಾನ್ ಅಂಗಿ, ಕ್ರಿಕೆಟ್ ಟೀ ಶರ್ಟ್ ಹಾಕಿಕೊಂಡು ಬರುವವರನ್ನು ಗಾರ್ಡು ಕೆಳಗಿನಿಂದಲೇ ವಾಪಸ್ ಕಳಿಸುತ್ತಾರೆ, ಸರಿಯಾಗೇ ಮಾಡುತ್ತಾರೆ. ಅದು ಕರಗಿ ಚರ್ಮಕ್ಕೆ ಅಂಟುತ್ತದೆ. ಖಾದಿ, ಹತ್ತಿ, ಹಳೆಯ ಪ್ಯಾಂಟು, ಯಾವುದಾದರೂ ಹತ್ತಿಯದಿರಲಿ.

ಹಾಗಾದರೆ ಕೊಳ್ಳಬೇಕೋ ಬೇಡವೋ? ಊರಿನಲ್ಲಿ ಕೆಲಸ ಮಾಡುವ ನಾಲ್ಕು ಜನ, ಜೊತೆಗೆ ಒಂದು ಬ್ರಷ್ ಕಟರ್, ಸಂಕ್ರಾಂತಿ ಆಸುಪಾಸಿಗೆ ನಿಮ್ಮನ್ನು ಕರೆಯುವ ಒಬ್ಬ ಗಾರ್ಡು, ಇಷ್ಟಿದ್ದರೆ ಕಣ್ಣು ಮುಚ್ಚಿ ಕೊಳ್ಳಿ. ಕಟರ್ ಇಲ್ಲವೆಂದರೆ ಮೊದಲು ಕಟರೇ ಕೊಳ್ಳಿ, ಅದು ವರ್ಷವಿಡೀ ಹೊಲಕ್ಕೂ ಆಗುತ್ತದೆ. ಕೈಯಲ್ಲಿ ಹಿಡಿಯುವ ಸಣ್ಣ ಬ್ಲೋವರ್ ಅಗ್ಗ ಅಂತ ಕೊಳ್ಳಬೇಡಿ, ನಮ್ಮ ಹುಲ್ಲಿಗೆ ಅದು ಸಾಲದು, ಕೈ ಸೋಲುತ್ತದೆ. ಬೆಂಕಿ ದಿನಕ್ಕೆ ಏನಾದರೂ ಬೇಕು ಅನ್ನುವವರಿಗೆ ನನ್ನ ಸಲಹೆ, ಮನೆಯಲ್ಲೇ ಇರುವ 16 ಲೀಟರಿನ ಬ್ಯಾಟರಿ ಪಂಪು. ಔಷಧದ ವಾಸನೆ ಹೋಗುವವರೆಗೆ ತೊಳೆದು ಬರೀ ನೀರು ತುಂಬಿ. ಜ್ವಾಲೆ ಆರಿದ ಮೇಲೂ ಮರದ ಬೊಡ್ಡೆ, ಸಗಣಿ, ಬೇರುಗಳಲ್ಲಿ ಕೆಂಡ ಎರಡು ದಿನ ಉಳಿಯುತ್ತದೆ, ಮಧ್ಯಾಹ್ನದ ಗಾಳಿಗೆ ಅದೇ ಮತ್ತೆ ಏಳುವುದು. ಅದನ್ನು ಕೊಲ್ಲಲು ಬ್ಲೋವರಿನಿಂದ ಆಗುವುದಿಲ್ಲ, ನೀರೇ ಬೇಕು.

ದುಡ್ಡು ದಂಡ ಅಂತ ನಮ್ಮ ಪಟ್ಟಿಗೆ ಹಣ ಕೊಡದ ಕೆಲವರು ಈಗಲೂ ಅನ್ನುತ್ತಾರೆ. "ಹುಲ್ಲು ಸುಟ್ರ ಏನಾತ್ರಿ, ಮಳಿಗೆ ಮತ್ತ ಬರ್ತೈತಿ." ಹುಲ್ಲು ಬರುತ್ತದೆ, ನಿಜ. ಗುಡ್ಡದಂಚಿನ ಕವಳೆ ಗಿಡ ಹೂ ಬಿಡುವುದು ಈ ಬೆಂಕಿಯ ತಿಂಗಳುಗಳಲ್ಲೇ. ಹೂ ಸುಟ್ಟ ವರ್ಷ ಮೇ ತಿಂಗಳಲ್ಲಿ ನಮ್ಮ ಬಸ್ ಸ್ಟ್ಯಾಂಡಿನ ಮುಂದೆ ಬುಟ್ಟಿ ಇಟ್ಟು ಕೂರುವ ಅವ್ವಂದಿರ ಸಾಲು ಗಿಡ್ಡವಾಗುತ್ತದೆ, ಕವಳೆ ಹಣ್ಣಿನ ರೇಟು ಏರುತ್ತದೆ. ಗೌಜಲ ಹಕ್ಕಿ ನೆಲದಲ್ಲಿ ಮೊಟ್ಟೆ ಇಡುತ್ತದೆ, ಅದಕ್ಕೆ ಹಾರಿ ಹೋಗಲು ರೆಕ್ಕೆ ಇದೆ, ಮೊಟ್ಟೆಗಿಲ್ಲ. ಸುಟ್ಟು ಬೋಳಾದ ಇಳಿಜಾರಿನ ಮೇಲೆ ಮೊದಲ ದೊಡ್ಡ ಮಳೆ ಬಿದ್ದಾಗ ಹಳ್ಳದಲ್ಲಿ ಬರುವುದು ನೀರಲ್ಲ, ಬೂದಿ ಕಲಸಿದ ರಾಡಿ. ಅದು ಹೋಗಿ ಕೂರುವುದು ಡಂಬಳದ ಕೆರೆಯಂಥ ಕೆರೆಗಳ ಹೂಳಿನಲ್ಲಿ. ಆ ಹೂಳು ತೆಗೆಸುವ ಟೆಂಡರಿನ ಮುಂದೆ ನಮ್ಮ ಹದಿನಾಲ್ಕು ಸಾವಿರ ಯಾವ ಲೆಕ್ಕ?

ಕೊನೆಯದಾಗಿ ಎತ್ತಿಡುವುದು. ಇದರಲ್ಲೇ ಅರ್ಧ ಮಷಿನ್ನುಗಳು ಸಾಯುತ್ತವೆ. ಮೇ ಮುಗಿದು ಮಳೆ ಹಿಡಿದ ಮೇಲೆ ಟಾಕಿಯಲ್ಲಿ ಪೆಟ್ರೋಲು ಬಿಟ್ಟು ಮೂಲೆಗೆ ಇಡಬೇಡಿ. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಎಥೆನಾಲ್. ಅದು ತೇವ ಹೀರುತ್ತದೆ, ಒಣಗಿದಾಗ ಕಾರ್ಬೊರೇಟರಿನ ಸಣ್ಣ ತೂತುಗಳಲ್ಲಿ ಅಂಟು ಕಟ್ಟುತ್ತದೆ, ರಬ್ಬರ್ ಡಯಾಫ್ರಮ್ಮು ಸೆಟೆದು ಹೋಗುತ್ತದೆ. ಟಾಕಿ ಪೂರ್ತಿ ಬಗ್ಗಿಸಿ, ಉಳಿದದ್ದನ್ನು ಎಂಜಿನ್ ತಾನಾಗೇ ನಿಲ್ಲುವವರೆಗೆ ಓಡಿಸಿ ಸುಟ್ಟುಬಿಡಿ. ಪ್ಲಗ್ ಬಿಚ್ಚಿ ಒಂದು ಚಮಚ ಎಣ್ಣೆ ಬಿಟ್ಟು, ಹಗ್ಗ ಎರಡು ಸಲ ಮೆಲ್ಲಗೆ ಎಳೆದು, ಪ್ಲಗ್ ಹಾಕಿ. ಕೊಳವೆಯ ಬಾಯಿಗೆ ಅರಿವೆ ತುರುಕಿ, ಇಲ್ಲದಿದ್ದರೆ ಇಲಿ ಗೂಡು ಕಟ್ಟುತ್ತದೆ. ಕಾರ್ಬೊರೇಟರ್ ಕಿಟ್ಟು ನನ್ನ ಹತ್ತಿರ ಇನ್ನೂರೈವತ್ತಕ್ಕೆ ಇದೆ. ಡಿಸೆಂಬರಿನಲ್ಲೇ ತಂದುಕೊಡಿ, ಗುಡ್ಡದಲ್ಲಿ ಹೊಗೆ ಎದ್ದ ಮೇಲೆ ಮಷಿನ್ ಹೊತ್ತುಕೊಂಡು ಬಂದರೆ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ.